ಅಣ್ಣನ ಬದಲಿಗೆ ನೋಡಿ ಬಂದ ರಾಕೆಟ್ ಗಾಡಿ

ಇಂಡಿ

ಅಮೆರಿಕಕ್ಕೆ ಹೋಗಬೇಕಾದವನು ನಾನಲ್ಲ, ನಮ್ಮಣ್ಣ ಅಮೋಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರಾಯಿತು ಎಂದು ಇಟ್ಟುಕೊಂಡರೆ ನಡುವೆ ಎಲ್ಲೋ ನಾನೇ ದೊಡ್ಡ ಮನುಷ್ಯನಂತೆ ಬರೆಯಲು ಶುರು ಮಾಡುತ್ತೇನೆ ಎಂಬ ಹೆದರಿಕೆ ನನಗಿದೆ. ನಾನು ಓದಿದ್ದು ಏಳನೇ ಇಯತ್ತೆ. ತಪ್ಪುಗಳಿದ್ದರೆ ಅವು ನನ್ನವೇ.

ನಿಂಬೆ ಮಾರುಕಟ್ಟೆಯ ಹಿಂದೆ ಅಣ್ಣನ ಗ್ಯಾರೇಜಿದೆ. ಟ್ರ್ಯಾಕ್ಟರು, ಟೆಂಪೋ, ಟಂಟಂ, ಏನು ಬಂದರೂ ಬಿಚ್ಚುತ್ತಾನೆ. ಬಹಳ ಹಿಂದೆ ಸೊಲ್ಲಾಪುರದ ರದ್ದಿ ಬಜಾರಿನಿಂದ ಬಂದ ಬಿಡಿಭಾಗಗಳ ಪೆಟ್ಟಿಗೆಯಲ್ಲಿ, ಸಾಮಾನು ಅಲುಗಾಡದಿರಲೆಂದು ತುರುಕಿದ್ದ ಅಮೆರಿಕದ ಕಾರು ಪತ್ರಿಕೆಗಳು ಸಿಕ್ಕವು. ಸಣ್ಣ ಮೈಗೆ ದೊಡ್ಡ ಎಂಜಿನ್ ಕೂರಿಸಿದ ಆ ಕಡೆಯ ಹಳೆಯ ಗಾಡಿಗಳಿಗೆ ಮಸಲ್ ಕಾರ್ ಎನ್ನುತ್ತಾರೆ. ಅವುಗಳಲ್ಲಿ ಮೊದಲನೆಯದು ಯಾವುದು ಎಂಬ ಜಗಳ ಆ ಪೆಟ್ಟಿಗೆಯಿಂದ ಎದ್ದದ್ದು ನಮ್ಮ ಗ್ಯಾರೇಜಿನಲ್ಲೇ ಉಳಿಯಿತು.

ಅಣ್ಣನದು ನಲವತ್ತೊಂಬತ್ತನೇ ಇಸವಿಯ ಓಲ್ಡ್ಸ್‌ಮೊಬೈಲ್ ರಾಕೆಟ್. ನನ್ನದು ಅರವತ್ನಾಲ್ಕರ ಪಾಂಟಿಯಾಕ್ ಜಿಟಿಓ. ಎರಡನ್ನೂ ನಾವು ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ.

"ಮಸಲ್ ಕಾರ್ ಅನ್ನೂ ಹೆಸರ ಓಡಾಡಿದ್ದು ಜಿಟಿಓ ಬಂದ ಮ್ಯಾಲಣ್ಣ" ಎಂದು ನಾನು ಅನ್ನುತ್ತಿದ್ದೆ.

"ಹೆಸರಿಡೂಕಿಂತ ಮೊದಲ ಕೂಸು ಹುಟ್ಟಿರೂದಿಲ್ಲೇನಲೇ? ತೊಟ್ಟಿಲಿಗೆ ಹಾಕೂತನಾ ನೀ ಹುಟ್ಟೇ ಇರಲಿಲ್ಲೇನು?"

"ಮೈ ಬೆಳದ ಕೂಡ್ಲೆ ಕಾಳಗದ ಟಗರ ಆಕ್ಕೈತೇನು? ಕಣದಾಗ ಇಳದು ಡಿಕ್ಕಿ ಹೊಡದಿಂದ ಆಕ್ಕೈತಿ."

ಗಾಡಿ ರಿಪೇರಿಗೆ ಬಂದವರು ಕಾಯುತ್ತ ಕೂರಬೇಕಲ್ಲ. ಅವರೂ ಪಕ್ಷ ಹಿಡಿದರು. ಸಿಂದಗಿಯ ಟೆಂಪೋದವರು ರಾಕೆಟ್ ಕಡೆ. ಮುದ್ದೇಬಿಹಾಳದವರು ಜಿಟಿಓ ಕಡೆ, ಏಕೆಂದರೆ ಅದನ್ನು ಟೆಂಪೋದ ಹಿಂದೆ ಬರೆಸಲು ಜಾಗ ಕಡಿಮೆ ಸಾಕು. ಬಸವನ ಬಾಗೇವಾಡಿಯ ಲಾರಿ ಡ್ರೈವರ್ ಒಬ್ಬ ಎಲ್ಲ ಕೇಳಿ, ಎಲೆ ಉಗುಳಿ, "ಅವೆರಡೂ ಅಲ್ರಿ, ಮೊದಲನೇದು ಎತ್ತಿನ ಬಂಡಿ" ಎಂದು ತೀರ್ಪು ಕೊಟ್ಟು ಹೋದ. ಬಾಗೇವಾಡಿಯವರಿಂದ ಬೇರೇನೂ ನಿರೀಕ್ಷಿಸುವಂತಿರಲಿಲ್ಲ.

ಮೊಬೈಲಿನಲ್ಲಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೋಡಿದ್ದೆವು. ಅಣ್ಣ ಕೇಳಿದರೆ ಅದು ರಾಕೆಟ್ ಅನ್ನುತ್ತಿತ್ತು, ನಾನು ಕೇಳಿದರೆ ಜಿಟಿಓ ಅನ್ನುತ್ತಿತ್ತು. ಅಂಥದ್ದನ್ನು ಸಾಕ್ಷಿಗೆ ಹಿಡಿಯುವುದು ಹೇಗೆ?

ನಾವಿಬ್ಬರೂ ಡೊಳ್ಳು ಬಾರಿಸುತ್ತೇವೆ. ಅಣ್ಣ ನನಗಿಂತ ಚೆನ್ನಾಗಿ ಬಾರಿಸುತ್ತಾನೆ. ಹೋದ ವರ್ಷ ಅಮೆರಿಕದ ಮಿಶಿಗನ್ ಕಡೆಯ ಕನ್ನಡದವರು ತಮ್ಮ ಹಬ್ಬಕ್ಕೆ ನಮ್ಮ ಮೇಳವನ್ನು ಕರೆದರು. ಆ ಗಾಡಿಗಳೆಲ್ಲ ಹುಟ್ಟಿದ ಸೀಮೆಯೇ ಅದು. ನಾವು ಹನ್ನೊಂದು ಜನ, ಬಂದ ಟಿಕೆಟು ಹತ್ತು. ಮೇಳದ ಹಿರಿಯ ಬೀರಪ್ಪ ಮುತ್ಯಾ ಹೇಳಿದ: "ಒಂದ ಮನಿಯಿಂದ ಇಬ್ರು ಇರಾವ್ರು ನೀವ. ಒಬ್ಬಾಂವ ಉಳೀರಿ. ಯಾರಂತ ನೀವ ಬಗಿಹರಿಸ್ಕೋರಿ."

ಒಬ್ಬರಿಗೊಬ್ಬರು ಬಿಟ್ಟುಕೊಡುವ ಅಣ್ಣತಮ್ಮಂದಿರೂ ಇರುತ್ತಾರೆ. ನಾವು ಯಾರ ಗಾಡಿ ಮೊದಲಿನದೋ ಅವನೇ ಹೋಗಬೇಕು ಎಂದು ಮಾತಾಡಿಕೊಂಡೆವು.

ಮೋರಟಗಿ, ಆಮೇಲೆ ಸಿಂದಗಿ ಬಸ್ ಸ್ಟ್ಯಾಂಡು

ರದ್ದಿ ಪತ್ರಿಕೆಯೊಂದರಲ್ಲಿ ಇದೇ ವಿಷಯದ ಮೇಲೆ ಎರಡು ಪುಟವಿತ್ತು. ನಮ್ಮಿಬ್ಬರಿಗೂ ಇಂಗ್ಲಿಷ್ ಬಾರದು. ಮೋರಟಗಿಯಲ್ಲಿ ಗುರುತಿನ ಇಂಗ್ಲಿಷ್ ಮಾಸ್ತರರಿದ್ದರು. ನಾನು ಅವರಲ್ಲಿಗೆ ಹೋಗಿ ಓದಿಸಿಕೊಂಡು ಬರುವುದು, ಅವರು ಹೇಳಿದ್ದನ್ನು ಭಂಡಾರ ಮುಟ್ಟಿ ಹೇಳುವುದು ಎಂದು ತೀರ್ಮಾನವಾಯಿತು. ಭಂಡಾರ ಎಂದರೆ ನಮ್ಮ ಬೀರದೇವರ ಗುಡಿಯ ಅರಿಶಿಣಪುಡಿ. ಆಣೆ ಮಾಡುವವನು ತಾನೇ ಗುಡಿಗೆ ಹೋಗಿ ಅದನ್ನು ವೀಳ್ಯದೆಲೆಯಲ್ಲಿ ತರಬೇಕು. ಅದನ್ನು ಹಿಡಿದು ಹೇಳಿದ ಮಾತನ್ನು ಮತ್ತೆ ಯಾರೂ ಕೆದಕುವಂತಿಲ್ಲ. ಹೊಲದ ಬದುವಿನ ಜಗಳ, ಕಳೆದ ಕುರಿಯ ಜಗಳ ನಮ್ಮಲ್ಲಿ ಹೀಗೆ ಮುಗಿಯುತ್ತವೆ. ಅಮೆರಿಕದ ಕಾರಿನ ಜಗಳವೂ ಮುಗಿದೀತು ಎಂದು ನಂಬಿದವರು ನಾವೇ ಮೊದಲಿರಬೇಕು.

ಮಾಸ್ತರರು ಕನ್ನಡಕ ಹಾಕಿಕೊಂಡು ಎರಡೂ ಪುಟ ಓದಿದರು. "ಇದರಾಗ ಬಾಳ ಕಡಿಗೆ ಜಗ್ಗ್ಯಾರಪಾ. ಆದ್ರ ಕಡೀಕ ರಾಕೆಟ್ಟ ಮೊದಲನೇದು ಅಂತ ಬರದಾರ ನೋಡು" ಎಂದರು. ಚಹಾ ಕುಡಿಸಿ ಕಳಿಸಿದರು.

ಸಿಂದಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಇಂಡಿ ಬಸ್ಸು ತಡವಾಯಿತು. ಬಸ್ಸು ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಾನು ಬಹುಶಃ ನಿಜವನ್ನೇ ಹೇಳುತ್ತಿದ್ದೆ. ಕಾಯುತ್ತ ಕೂತಾಗ ಒಂದೇ ವಿಚಾರ: ಅಣ್ಣನಿಗೆ ಎಲ್ಲದರಲ್ಲೂ ಕೈ ಪಳಗಿದೆ, ಡೊಳ್ಳೂ ಅವನದೇ, ಎಂಜಿನ್ನೂ ಅವನದೇ, ಈಗ ವಿಮಾನವೂ ಅವನದೇನು?

ಗುಡಿಗೆ ನಾನು ಹೋಗಲಿಲ್ಲ. ಅಡುಗೆಮನೆಗೆ ಹೋದೆ. ಹೆಂಡತಿಯ ಮಸಾಲೆ ಡಬ್ಬಿಯಿಂದ ಅರಿಶಿಣ ತೆಗೆದು ಎಲೆಯಲ್ಲಿ ಇಟ್ಟುಕೊಂಡೆ. ಬೇಳೆಸಾರಿಗೆ ಹಾಕುವ ಅರಿಶಿಣದ ಮೇಲೆ ಸುಳ್ಳು ಹೇಳಿದರೆ ದೇವರಿಗೆ ತಗಲುವುದಿಲ್ಲ ಎಂಬುದು ನನ್ನ ಲೆಕ್ಕ. ಗ್ಯಾರೇಜಿನಲ್ಲಿ ಎಲ್ಲರ ಮುಂದೆ ಆ ಎಲೆ ಹಿಡಿದು, "ಮಾಸ್ತರು ಜಿಟಿಓ ಅಂದ್ರು" ಎಂದೆ.

ಅಣ್ಣ ಆ ಅರಿಶಿಣವನ್ನು ಕಣ್ಣಿಗೊತ್ತಿಕೊಂಡ. ಗೋಡೆಯ ಮೇಲಿನ ರಾಕೆಟ್ ಚಿತ್ರವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಮಡಚಿದ. ಮರುದಿನ, ಅಮೆರಿಕದಲ್ಲಿ ಚಳಿ ಇರುತ್ತದೆಂದು ತಾನು ಕೊಂಡಿದ್ದ ದಪ್ಪ ಉಣ್ಣೆಯ ಸ್ವೆಟರ್ ತಂದು ನನ್ನ ಚೀಲದಲ್ಲಿ ಇಟ್ಟ. ಅವನು ನನಗಿಂತ ಗೇಣುದ್ದ ಎತ್ತರ. ತೋಳು ನನ್ನ ಬೆರಳು ದಾಟಿ ಜೋತಾಡುತ್ತಿತ್ತು.

ಗ್ಯಾರೇಜಿನಲ್ಲಿ ವಾದ ನಿಂತಿತು. ಸಿಂದಗಿಯವರು ಬಂದರೆ ಮೊಬೈಲು ನೋಡುತ್ತ ಕೂತು ಎದ್ದು ಹೋಗುತ್ತಿದ್ದರು.

ಇಳಿದ ದಿನ

ವಿಮಾನದ ಬಗ್ಗೆ ಬರೆಯಲು ಏನೂ ಇಲ್ಲ. ಕುರಿಗಳನ್ನು ಲಾರಿಗೆ ತುಂಬುವಾಗಲೂ ನಾವು ಕಾಲಿಗೆ ಅದಕ್ಕಿಂತ ಹೆಚ್ಚು ಜಾಗ ಬಿಡುತ್ತೇವೆ.

ಇಳಿದಲ್ಲಿ ನಾಯಿಯೊಂದು ಬಂದು ಮುತ್ಯಾನ ಚೀಲದ ಮುಂದೆ ಕೂತಿತು. ಚೀಲದೊಳಗೆ ಭಂಡಾರವಿತ್ತು, ಇದು ಗುಡಿಯ ನಿಜವಾದ ಭಂಡಾರ. ಅಧಿಕಾರಿಯೊಬ್ಬ ಕೈಗೆ ರಬ್ಬರ್ ಚೀಲ ತೊಟ್ಟು ಗಂಟು ಬಿಚ್ಚಿದ. ಅದೇನೆಂದು ಕೇಳಿದ. ನಮ್ಮಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇಲ್ಲ. ಮುತ್ಯಾ ಎದೆಯ ಮೇಲೆ ಕೈಯಿಟ್ಟು ಸ್ಪಷ್ಟವಾಗಿ "ದೇವರು" ಎಂದ. ಅಧಿಕಾರಿ ಮೂಸಿ ನೋಡಿ ಮೂರು ಸಲ ಸೀನಿದ. ಸೀನಿನ ಗಾಳಿಗೆ ಪುಡಿ ಹಾರಿ ಅವನ ಹುಬ್ಬೆಲ್ಲ ಹಳದಿಯಾಯಿತು.

"ನೋಡ್ರಿ, ಹಚ್ಕೊಂಡ" ಎಂದು ಮುತ್ಯಾ ಖುಷಿಯಿಂದ ಅವನಿಗೆ ಕೈ ಮುಗಿದ. ನಾವು ಹತ್ತೂ ಜನ ಮುಗಿದೆವು. ಅವನು ಕಂಗಾಲಾಗಿ ಯಾರಿಗೋ ಫೋನು ಮಾಡಿದ, ಯಾರೋ ಬಂದು ಯಂತ್ರದಲ್ಲಿ ಪರೀಕ್ಷಿಸಿದರು, ಕೊನೆಗೆ ಬಿಟ್ಟರು. ನಾನು ಮಾತ್ರ ಬೆವರುತ್ತಿದ್ದೆ. ಅರಿಶಿಣವನ್ನು ಪರೀಕ್ಷಿಸುವ ಯಂತ್ರ ಇಂಡಿಯಲ್ಲಿ ಇದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತು?

ಬೆವರಿಗೆ ಸ್ವೆಟರೂ ಕಾರಣ. ಅಲ್ಲಿ ಆಗ ಬೇಸಿಗೆ. ಅಣ್ಣ ಕೊಟ್ಟದ್ದನ್ನು ತೆಗೆದರೆ ಪಾಪ ಇನ್ನೂ ಹೆಚ್ಚಾದೀತೆಂದು ನಾನು ಅಲ್ಲಿದ್ದಷ್ಟು ದಿನವೂ ಹೊರಗೆ ಹೋಗುವಾಗ ಅದನ್ನೇ ತೊಟ್ಟೆ.

ನಂಜುಂಡಯ್ಯನವರ ಮನೆ

ನನ್ನನ್ನೂ ಮುತ್ಯಾನನ್ನೂ ಉಳಿಸಿಕೊಂಡವರು ಮಂಡ್ಯ ಕಡೆಯ ನಂಜುಂಡಯ್ಯ, ಅಲ್ಲಿಯೇ ಕೆಲಸ ಮಾಡಿ ನಿವೃತ್ತರಾದವರು. ಒಳ್ಳೆಯ ಮನುಷ್ಯ. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ನಗುತ್ತಿದ್ದರು.

ಆ ಊರಲ್ಲಿ ಮನೆಗಳಿಗೆ ಕಟ್ಟೆ ಇಲ್ಲ. ಜನ ಎಲ್ಲಿ ಕೂತು ಮಾತಾಡುತ್ತಾರೆ ಎಂದು ಮುತ್ಯಾ ಕೇಳಿದ. "ಮಾತಾಡಲ್ಲ ಯಜಮಾನ್ರೇ, ಕೈ ಬೀಸ್ತಾರೆ" ಎಂದರು. ನಿಜವೇ. ಎದುರುಮನೆಯವನು ಹುಲ್ಲು ಕತ್ತರಿಸುತ್ತ ದಿನಾ ಕೈ ಬೀಸುತ್ತಿದ್ದ. ಅಷ್ಟು ಹುಲ್ಲು ಬೆಳೆಸಿ, ಕತ್ತರಿಸಿ, ಚೀಲಕ್ಕೆ ತುಂಬಿ ಕಸಕ್ಕೆ ಹಾಕುವುದನ್ನು ನೋಡಿ ಮುತ್ಯಾನ ಹೊಟ್ಟೆ ಉರಿಯಿತು. "ನಾಕ ಕುರಿ ಕಳಿಸ್ಲೇನು ಅಂತ ಕೇಳ್ರಿ ಅವಂಗ" ಎಂದ. ನಂಜುಂಡಯ್ಯ ಕೇಳಲಿಲ್ಲ, ಕೈ ಬೀಸಿದರು.

ಕುಣಿತ ಚೆನ್ನಾಗಿ ನಡೆಯಿತು. ಅಣ್ಣ ಬಾರಿಸಬೇಕಾದ ಕಡೆ ನಾನು ಎರಡು ಸಲ ತಾಳ ತಪ್ಪಿದೆ. ಜನರಿಗೆ ತಿಳಿಯಲಿಲ್ಲ, ಚಪ್ಪಾಳೆ ಹೊಡೆದರು. ಮುತ್ಯಾ ಮಾತ್ರ ಕೆಳಗಿಳಿದ ಮೇಲೆ, "ಅಮೋಗಿ ಇದ್ರ ಇದು ಆಗ್ತಿದ್ದಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಆ ಮಾತು ನನ್ನನ್ನು ಚುಚ್ಚುತ್ತಿತ್ತು. ಆದರೆ ಒಂದು ಆಸೆ ಉಳಿದಿತ್ತು. ಮೊದಲನೆಯದು ಜಿಟಿಓ ಎಂದು ಆ ದೇಶದವರೇ ಹೇಳಿದರೆ ಮೋರಟಗಿಯ ಮಾಸ್ತರರೂ ಪತ್ರಿಕೆಯೂ ತಪ್ಪಾಗುತ್ತವೆ, ನನ್ನ ಸುಳ್ಳು ತಾನಾಗಿಯೇ ನಿಜವಾಗುತ್ತದೆ. ಸುಳ್ಳು ಹೇಳಿದವನು ಹೀಗೆಲ್ಲ ವಿಚಾರ ಮಾಡುತ್ತಾನೆ.

ಹಳೆ ಗಾಡಿಗಳ ರಸ್ತೆ

ವಾರದ ಕೊನೆಗೆ ಅಲ್ಲಿ ಜನ ತಮ್ಮ ಹಳೆಯ ಗಾಡಿಗಳನ್ನು ತೊಳೆದು ರಸ್ತೆಬದಿಗೆ ತಂದು ನಿಲ್ಲಿಸುತ್ತಾರೆಂದು ನಂಜುಂಡಯ್ಯ ಹೇಳಿದಾಗ, ಕರೆದುಕೊಂಡು ಹೋಗಿ ಎಂದು ಬೆನ್ನು ಬಿದ್ದೆ. ಮುತ್ಯಾನಿಂದ ಕಾಗದದಲ್ಲಿ ಒಂದು ಚಿಟಿಕೆ ಭಂಡಾರ ಕೇಳಿ ಪಡೆದೆ. ಏಕೆಂದು ಅವನು ಕೇಳಲಿಲ್ಲ. ಭಂಡಾರ ಕೇಳಿದವರನ್ನು ಹಾಗೆ ಕೇಳುವ ವಾಡಿಕೆ ಇಲ್ಲ.

ಅಲ್ಲಿ ನಾನು ನೋಡಿದ್ದು ದನದ ಸಂತೆ. ಸಾಲಾಗಿ ಗಾಡಿಗಳು, ಬಾನೆಟ್ ತೆರೆದುಕೊಂಡು ನಿಂತಿವೆ. ಎತ್ತಿನ ಬಾಯಿ ತೆರೆದು ಹಲ್ಲು ನೋಡುವಂತೆ ಜನ ಒಳಗೆ ಬಗ್ಗಿ ನೋಡುತ್ತಾರೆ, ತಲೆಯಾಡಿಸುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಮಾಲೀಕರು ಮಡಚುವ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತಿರುತ್ತಾರೆ. ಆ ದೇಶದಲ್ಲಿ ಜನ ಕೂತು ಮಾತಾಡುವ ಜಾಗ ನನಗೆ ಸಿಕ್ಕಿತು.

ಮೊದಲು ಕಂಡದ್ದು ಜಿಟಿಓ. ಕೆಂಪು ಬಣ್ಣ. ಅದರ ಮಾಲೀಕ ರಾನ್ ಎಂಬ ದಪ್ಪ ಮುದುಕ. ಪಕ್ಕದಲ್ಲೇ ಹಸಿರು ಬಣ್ಣದ, ಬೆನ್ನು ಗುಂಡಗಿರುವ ರಾಕೆಟ್. ಅದರ ಒಡತಿ ಡೋರಿಸ್ ಎಂಬ ಅಜ್ಜಿ, ದೊಡ್ಡ ಟೊಪ್ಪಿಗೆ ಹಾಕಿಕೊಂಡು ಸಣ್ಣ ನಾಯಿಯೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

"ಮೊದಲನೇ ಮಸಲ್ ಕಾರ್ ಯಾವುದು ಅಂತ ಕೇಳ್ರಿ" ಎಂದೆ.

"ಬೇಡ, ಇಲ್ಲಿ ಹಾಗೆಲ್ಲ ಕೇಳಬಾರದು" ಎಂದರು ನಂಜುಂಡಯ್ಯ. ನಾನು ಬಿಡಲಿಲ್ಲ. ಅವರು ಕೇಳಿದರು. ಕೇಳಬಾರದು ಎಂದು ಏಕೆ ಹೇಳಿದ್ದರೆಂದು ಕೂಡಲೇ ತಿಳಿಯಿತು.

ರಾನ್ ಎದ್ದು ನಿಂತ. ಅಜ್ಜಿ ಕೂತಲ್ಲೇ ಕೂಗಿದಳು. ಹಿಂದಿನ ಸಾಲಿನಿಂದ ಒಬ್ಬ ಬಂದು ಐವತ್ತೈದರ ಕ್ರೈಸ್ಲರ್ ಎಂದ. ಇನ್ನೊಬ್ಬ ರ‍್ಯಾಂಬ್ಲರ್ ರೆಬೆಲ್ ಎಂಬ ಹೆಸರು ತೆಗೆದ. ಆಗ ರಾನ್, ಡೋರಿಸ್, ಕ್ರೈಸ್ಲರಿನವನು ಮೂವರೂ ಒಂದಾಗಿ ಅವನ ಮೇಲೆ ಬಿದ್ದರು. ನಾಯಿ ಬೊಗಳಿತು. ನಂಜುಂಡಯ್ಯ ತರ್ಜುಮೆ ಮಾಡಿ ಮಾಡಿ ದಣಿದು, "ಅವರು ಹೆಸರು ಆಮೇಲೆ ಬಂತು ಅಂತಾರೆ, ಇವರು ಎಂಜಿನ್ ಮೊದಲೇ ಇತ್ತು ಅಂತಾರೆ. ನನಗಂತೂ ಎರಡೂ ಸರಿ ಅನ್ಸುತ್ತೆ" ಎಂದು ಕೈ ಚೆಲ್ಲಿದರು. ಅಣ್ಣನೂ ನಾನೂ ಆಡಿದ ಮಾತುಗಳೇ. ತೊಟ್ಟಿಲು ಮತ್ತು ಟಗರು ಮಾತ್ರ ಇರಲಿಲ್ಲ.

ನಾನು ರಾನ್‌ನ ಮುಂದೆ ಹೋಗಿ ಕಾಗದ ಬಿಚ್ಚಿದೆ. "ಇದು ನಮ್ಮ ದೇವರದು. ಇದನ್ನ ಮುಟ್ಟಿ ಜಿಟಿಓನೇ ಮೊದಲನೇದು ಅಂತ ಹೇಳ್ಲಿ. ನನಗ ಅಷ್ಟ ಸಾಕು."

ನಂಜುಂಡಯ್ಯ ನನ್ನ ಮುಖ ನೋಡಿದರು. ತಮಾಷೆಯಲ್ಲ ಎಂದು ಗೊತ್ತಾಗಿ ಮೆಲ್ಲಗೆ ಹೇಳಿದರು. ರಾನ್ ಕೈ ಮುಂದೆ ಚಾಚಿದ. ಬೆರಳು ಪುಡಿಯ ಹತ್ತಿರ ಬಂತು. ಆಮೇಲೆ ಹಿಂದಕ್ಕೆ ತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ, ಪುಡಿ ಬೆರಳಿಗೆ ಅಂಟಿರದಿದ್ದರೂ. ಏನೋ ಹೇಳಿದ.

"ನಲವತ್ತು ವರ್ಷದಿಂದ ಇಲ್ಲಿ ಕೂತು ವಾದ ಮಾಡ್ತಿದ್ದಾರಂತೆ" ಎಂದರು ನಂಜುಂಡಯ್ಯ. "ಆಣೆ ಇಟ್ಟುಬಿಟ್ರೆ ನಾಳೆಯಿಂದ ಇಲ್ಲಿ ಬಂದು ಏನು ಮಾಡ್ಲಿ ಅಂತ ಕೇಳ್ತಿದ್ದಾರೆ. ಡೋರಿಸ್ ಯಾರ ಜೊತೆ ಜಗಳ ಆಡ್ಬೇಕು ಅಂತಾನೂ ಕೇಳ್ತಿದ್ದಾರೆ."

ಅಜ್ಜಿ ನಾಯಿಯ ತಲೆ ಸವರುತ್ತ, ಹೌದು, ಅದು ಸರಿ ಎನ್ನುವಂತೆ ತಲೆಯಾಡಿಸಿದಳು. ನನಗೆ ನಮ್ಮ ಗ್ಯಾರೇಜು ಕಣ್ಣ ಮುಂದೆ ಬಂತು. ಮೊಬೈಲು ನೋಡುತ್ತ ಕೂತ ಸಿಂದಗಿಯವರು, ಬೋಲ್ಟು ಬಿಗಿಯುತ್ತ ಒಂದೂ ಮಾತಾಡದ ಅಣ್ಣ. ನಾನು ಅವನಿಂದ ಕಸಿದದ್ದು ಬರೀ ಟಿಕೆಟನ್ನಲ್ಲ, ಆ ಜಗಳವನ್ನೂ.

ನಂಜುಂಡಯ್ಯನವರ ಫೋನಿನಿಂದ ಅಲ್ಲಿಯೇ ವಿಡಿಯೋ ಕಾಲ್ ಮಾಡಿಸಿದೆ. ನಮಗೆ ಬೆಳಗಿನ ಹತ್ತು, ಇಂಡಿಯಲ್ಲಿ ಸಂಜೆ ಏಳೂವರೆ. ಅಣ್ಣ ಗ್ಯಾರೇಜಿನಲ್ಲೇ ಇದ್ದ. ನಾನು ಮಾತಾಡುವ ಮೊದಲೇ ಅವನಿಗೆ ನನ್ನ ಹಿಂದೆ ನಿಂತ ರಾಕೆಟ್ ಕಂಡಿತು.

"ಬಾಜೂಕ ಸರೀಲೇ, ಸರಿ, ನಿನ್ನ ಮಾರಿ ಯಾರಿಗೆ ಬೇಕಾಗೇತಿ! ಅದನ್ನ ತೋರಸು. ಬಾನೆಟ್ಟಿನಾಗ ಹಿಡಿ. ಇನ್ನೂ ಒಳಗ."

ಡೋರಿಸ್ ಅಜ್ಜಿಗೆ ಏನು ತಿಳಿಯಿತೋ, ನಾಯಿಯನ್ನು ನಂಜುಂಡಯ್ಯನವರ ಕೈಗೆ ಕೊಟ್ಟು ಗಾಡಿಯೊಳಗೆ ಕೂತು ಎಂಜಿನ್ ಶುರು ಮಾಡಿದಳು. ನೆಲ ಸಣ್ಣಗೆ ಅದುರಿತು.

ಆ ಸದ್ದಿನ ನಡುವೆ ನಾನು ಎಲ್ಲ ಹೇಳಿದೆ. ಮಾಸ್ತರರು ರಾಕೆಟ್ ಅಂದಿದ್ದರು, ನಾನು ಸುಳ್ಳು ಆಡಿದೆ, ಅದು ಭಂಡಾರ ಅಲ್ಲ, ಮಸಾಲೆ ಡಬ್ಬಿಯ ಅರಿಶಿಣ, ಇಲ್ಲಿ ನಿಲ್ಲಬೇಕಾದವನು ನೀನು. ಹೇಳುತ್ತ ಅತ್ತುಬಿಟ್ಟೆ. ಉದ್ದ ತೋಳಿನ ಸ್ವೆಟರಿನಲ್ಲಿ ಅಳುವವನನ್ನು ನೋಡಿ ರಾನ್ ನನಗೆ ತಣ್ಣನೆಯ ಪೇಯದ ಡಬ್ಬಿ ತಂದುಕೊಟ್ಟ.

"ಸುಮ್ನಿರೋ ಮಾರಾಯಾ!" ಎಂದು ಅಣ್ಣ ಫೋನಿನಲ್ಲಿ ಗದರಿದ. "ಏನ ಗೊಣಗಾಕತ್ತಿ? ಎಂಜಿನ್ನ ಕೇಳಾಕತ್ತೇನಿ ನಾ!"

ಅಲ್ಲಿಗೆ ಕಾಲ್ ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಮರಳಿ ಇಂಡಿ

ಫೋನಿನಲ್ಲಿ ಹೇಳಿದ್ದು ಹೇಳಿದಂತಾಯಿತಲ್ಲ ಎಂದು ವಿಮಾನದಲ್ಲಿ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಆದರೆ ಕೇಳಬೇಕಾದವನು ಕೇಳಿರಲಿಲ್ಲ.

ಬಂದ ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೋದೆ. ಅಣ್ಣ ಹೊರ್ತಿ ಊರಿನವರ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ, ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಕಾಲುಗಳಿಗೇ ಹೇಳಿದೆ. ಬೋಲ್ಟು ಬಿಗಿಯುವ ಪಾನದ ಸಪ್ಪಳ ನಿಂತಿತು.

"ಅರಿಷಿಣ ಯಾರ ಮನೀದು?" ಎಂದ, ಕೆಳಗಿನಿಂದಲೇ.

"ನಮ್ಮ ಮನೀದಣ್ಣ."

"ನಾ ಅದನ್ನ ಕಣ್ಣಿಗೆ ಒತ್ಕೊಂಡೀನಿ."

"ಹೌದಣ್ಣ."

ಮತ್ತೆ ಪಾನದ ಸಪ್ಪಳ ಶುರುವಾಯಿತು. ಒಂಬತ್ತು ದಿನ ಅವನು ನನ್ನೊಡನೆ ಮಾತಾಡಲಿಲ್ಲ. ಮುತ್ಯಾನಿಗೂ ಹೇಳಿದೆ. ಅವನು ನನ್ನನ್ನು ಗುಡಿಯಲ್ಲಿ ನಿಲ್ಲಿಸಿ ಎಲ್ಲರ ಮುಂದೆ ತಪ್ಪು ಒಪ್ಪಿಸಿದ. ಈ ವರ್ಷ ಮೇಳದಲ್ಲಿ ಡೊಳ್ಳು ಹೊರುವುದಷ್ಟೇ ನನ್ನ ಕೆಲಸ, ಬಾರಿಸುವಂತಿಲ್ಲ. ಸುದ್ದಿ ನಾಲ್ಕು ತಾಲೂಕಿಗೆ ಹಬ್ಬಿತು. ಮುದ್ದೇಬಿಹಾಳದವನೊಬ್ಬ ಟೆಂಪೋದ ಹಿಂದಿನ ಜಿಟಿಓ ಅಳಿಸಿದ. ಸಿಂದಗಿಯವರು ಗೆದ್ದೆವೆಂದು ಪೇಢೆ ಹಂಚಲು ಬಂದರು. ಅಣ್ಣ ಅವರನ್ನು ಬೈದು ಕಳಿಸಿದ. "ಮಾಸ್ತರು ಓದಿದ್ದು ಒಂದ ಪುಸ್ತಕ. ಅಷ್ಟಕ್ಕ ತೀರ್ಮಾನ ಆಕ್ಕೈತೇನು? ವಾದ ಇನ್ನೂ ಐತಿ" ಎಂದನಂತೆ.

ಹತ್ತನೆಯ ದಿನ ನನ್ನನ್ನು ಕರೆಸಿದ. ಎದುರಿಗೆ ಸ್ಟೂಲು ಹಾಕಿ ಕೂರಿಸಿದ. ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ನೆಲದ ಮೇಲೆ ಹರಡಿತ್ತು.

"ನನ್ನ ಬದ್ಲಿ ಹೋಗಿದ್ದಿ ಅಂದ ಮ್ಯಾಲ ನನ್ನ ಬದ್ಲಿ ನೋಡಿರಬೇಕಲ್ಲ. ಹೇಳು."

ಹೇಳಿದೆ. ಹಸಿರು ಬಣ್ಣ, ಗುಂಡು ಬೆನ್ನು, ಮುಂದೆ ಹೊಳೆಯುವ ಹಲ್ಲಿನಂಥ ಕಂಬಿಗಳು. ಅವನಿಗೆ ಅದೆಲ್ಲ ಚಿತ್ರದಿಂದಲೇ ಗೊತ್ತಿತ್ತು. ಸೀಟು ಮುಟ್ಟಿದೆಯಾ ಎಂದ. ಮುಟ್ಟಿದ್ದೆ, ಬಿಸಿಲಿಗೆ ಕಾದಿತ್ತು. ಎಂಜಿನ್ ಬಿಸಿಯಾದಾಗ ಎಂಥ ವಾಸನೆ ಬಂತು ಎಂದ. ಹಳೆಯ ಎಣ್ಣೆ ಮತ್ತು ಸುಟ್ಟ ಧೂಳಿನ ವಾಸನೆ, ನಮ್ಮ ಗ್ಯಾರೇಜಿನದೇ ಎಂದೆ. ಅವನ ಮುಖದಲ್ಲಿ ಸ್ವಲ್ಪ ನಗು ಬಂದಂತಾಯಿತು.

"ಫೋನ್ ಕಟ್ಟಾದ ಮ್ಯಾಲ ಮುದಿಕಿ ಎಂಜಿನ್ ಬಂದ್ ಮಾಡಿದ್ಲಲ್ಲ, ಆವಾಗ ಅದು ಯಾವ ಕಡಿಗೆ ವಾಲ್ತು? ಅಂಥಾ ದೊಡ್ಡ ಎಂಜಿನ್ ನಿಲ್ಲೂವಾಗ ಗಾಡಿ ಒಂದ ಕಡಿಗೆ ವಾಲತೈತಿ. ಎಡಕ್ಕೋ, ಬಲಕ್ಕೋ?"

ಬಲಕ್ಕೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಣ್ಣ ಮುಂದಕ್ಕೆ ಬಾಗಿ ಕಾಯುತ್ತಿದ್ದ. ಯಾವುದನ್ನು ಹೇಳಿದರೂ ಅವನಿಗೆ ಸಂತೋಷವಾಗುತ್ತಿತ್ತು, ಸುಳ್ಳೆಂದು ಹೇಳುವವರು ಈ ನಾಲ್ಕು ತಾಲೂಕುಗಳಲ್ಲಿ ಯಾರೂ ಇರಲಿಲ್ಲ.

"ನೋಡ್ಲಿಲ್ಲಣ್ಣ" ಎಂದೆ. "ಅಳಾಕತ್ತಿದ್ನಿ."

ಅವನು ನೆಲದ ಮೇಲಿನ ಬೋಲ್ಟೊಂದನ್ನು ಎತ್ತಿ ಅರಿವೆಯಿಂದ ಒರೆಸಿದ.

"ನಾ ಆಗಿದ್ರ ಅದನ್ನ ಮೊದಲ ನೋಡ್ತಿದ್ದೆ" ಎಂದ. ಆಮೇಲೆ ಹದಿನೇಳರ ಪಾನ ಎತ್ತಿ ನನ್ನ ಕಡೆ ಚಾಚಿದ. "ಹಿಡಿ. ಆ ಕಡಿಂದ ನೀ ಬಿಗಿ."